ಕರಿಹೊಗೆಯ ಜಾಡು ಹಿಡಿದು

ಹಳೆಯ ಕಾರುಗಳ ಮೆರವಣಿಗೆ ನೋಡಲು ರಸ್ತೆಬದಿಯಲ್ಲಿ ನಿಂತವರಿಗೆ ಈ ದೃಶ್ಯ ಪರಿಚಿತ. ತಿಕ್ಕಿ ತೊಳೆದ ಹಿತ್ತಾಳೆಯ ದೀಪ, ಕಡ್ಡಿಚಕ್ರ, ಮಡಚಿಟ್ಟ ಕ್ಯಾನ್ವಾಸಿನ ಚಾವಣಿಯ ಕಾರೊಂದು ಗಾಂಭೀರ್ಯದಿಂದ ಬರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದು ಮುಂದೆ ಹೋದ ಮೇಲೆ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತದೆ, ಹಿಂದಿನ ಕೊಳವೆಯಿಂದ ಹೊರಟ ಕರಿಹೊಗೆ ಬಿಳಿ ಅಂಗಿಯವರನ್ನು ಹಿಂದೆ ಸರಿಯುವಂತೆ ಮಾಡುತ್ತದೆ. "ಪಾಪ, ವಯಸ್ಸಾಯ್ತಲ್ಲ" ಎಂದು ಯಾರೋ ಅನುಕಂಪ ತೋರುತ್ತಾರೆ.

ಅನುಕಂಪ ಒಳ್ಳೆಯದೇ, ಆದರೆ ಕಾರಣ ತಪ್ಪು. ಕರಿಹೊಗೆ ಮುಪ್ಪಿನ ಲಕ್ಷಣವಲ್ಲ, ಕಾಯಿಲೆಯ ಲಕ್ಷಣ. ಕಾರ್ಖಾನೆಯಿಂದ ಹೊರಬಂದ ದಿನ ಆ ಕಾರು ಹೀಗೆ ಹೊಗೆ ಉಗುಳುತ್ತಿರಲಿಲ್ಲ. ಈಗ ಉಗುಳುತ್ತಿದೆಯೆಂದರೆ ಅದರ ಕಾರ್ಬ್ಯುರೇಟರ್ ಗಾಳಿಗೆ ಬೆರೆಸಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಬೆರೆಸುತ್ತಿದೆ ಎಂದರ್ಥ. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಎಂಜಿನ್ 'ರಿಚ್' ಓಡುತ್ತಿದೆ. ಶ್ರೀಮಂತ ಎಂದು ಕನ್ನಡಿಸಿದರೆ ಕಾರಿನ ಮಾಲೀಕರು ನೊಂದುಕೊಂಡಾರು, ಏಕೆಂದರೆ ಈ ಶ್ರೀಮಂತಿಕೆಯಿಂದ ಬಡವಾಗುವುದು ಅವರ ಜೇಬು. (ನಮ್ಮ ಗ್ಯಾರೇಜುಗಳಲ್ಲಿ ಕಾರ್ಬ್ಯುರೇಟರಿಗೆ 'ಕಾರ್ಪೊರೇಟರ್' ಎನ್ನುವ ರೂಢಿಯೂ ಇತ್ತು. ನಗರಪಾಲಿಕೆಯ ಸದಸ್ಯರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.)

ಲಾಟೀನು ಹಚ್ಚಿ ಓದಿದ ತಲೆಮಾರಿಗೆ ಈ ಕಾಯಿಲೆಯನ್ನು ವಿವರಿಸುವುದು ಸುಲಭ. ಬತ್ತಿಯನ್ನು ಅತಿಯಾಗಿ ಮೇಲೇರಿಸಿದರೆ ಬೆಳಕೇನೂ ಹೆಚ್ಚುವುದಿಲ್ಲ, ಗಾಜು ಮಸಿ ಹಿಡಿಯುತ್ತದೆ. ಸೀಮೆಎಣ್ಣೆ ಸಾಕಷ್ಟಿದೆ, ಅದನ್ನು ಪೂರ್ತಿ ಉರಿಸುವಷ್ಟು ಗಾಳಿ ಇಲ್ಲ. ಉರಿಯದೆ ಉಳಿದ ಇಂಗಾಲವೇ ಮಸಿ. ಎಂಜಿನ್ನಿನ ಒಳಗೂ ನಡೆಯುವುದು ಇದೇ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಇದನ್ನು ಅಳತೆಗೆ ಪರಿವರ್ತಿಸಿದರೆ ಸೋಜಿಗವಾಗುತ್ತದೆ: ಸಮುದ್ರಮಟ್ಟದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9 ಸಾವಿರ ಲೀಟರ್ ಗಾಳಿ! ಕಾರು ನಿಜವಾಗಿ ಕುಡಿಯುವುದು ಗಾಳಿಯನ್ನು. ಪೆಟ್ರೋಲ್ ಅದಕ್ಕೆ ಹಾಕುವ ಒಗ್ಗರಣೆಯಷ್ಟೇ. ಈ ಒಗ್ಗರಣೆ ಹದ ತಪ್ಪದಂತೆ, ನಿಂತಾಗಲೂ ಓಡುವಾಗಲೂ ದಿಬ್ಬ ಹತ್ತುವಾಗಲೂ, ಯಾರೂ ಹೇಳದೆಯೇ ನೋಡಿಕೊಳ್ಳುವ ಸಾಧನವನ್ನು ಕಟ್ಟಲು ಮನುಷ್ಯ ಪಟ್ಟ ಪಾಡು ಮೋಟಾರು ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ.

ಮೊದಮೊದಲಿಗೆ ಅಂಥ ಸಾಧನವೇ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನದಲ್ಲಿ ಗಾಳಿ ಇಂಧನದ ಮೇಲ್ಮೈಯನ್ನು ಸವರಿಕೊಂಡು ಹೋಗುತ್ತ ಆವಿಯನ್ನು ಹೊತ್ತೊಯ್ಯುತ್ತಿತ್ತು. ಇಂಧನದಲ್ಲಿ ಬೇಗ ಆವಿಯಾಗುವ ಅಂಶ ಮೊದಲು ಹಾರಿಹೋಗಿ ಜಡ ಅಂಶ ತಳದಲ್ಲಿ ಉಳಿಯುತ್ತಿದ್ದುದರಿಂದ ಹೊರಟಾಗಿನ ಹದ ದಾರಿ ಸವೆದಂತೆ ಉಳಿಯುತ್ತಿರಲಿಲ್ಲ. 1888ರ ಆಗಸ್ಟಿನಲ್ಲಿ ಬೆಂಜ್‌ನ ಹೆಂಡತಿ ಬರ್ಥಾ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ, ನೂರು ಕಿಲೋಮೀಟರಿಗೂ ಮಿಕ್ಕಿದ ದೂರ, ಇಂಥದೇ ಬಂಡಿಯಲ್ಲಿ ಹೊರಟಳು. ದಾರಿಯಲ್ಲಿ ವೀಸ್ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಪ್ರಪಂಚದ ಮೊದಲ ದೂರಪ್ರಯಾಣದ ಮೋಟಾರು ಚಾಲಕಿಯೇ ಮೊದಲ ರಸ್ತೆಬದಿಯ ಮೆಕ್ಯಾನಿಕ್ ಕೂಡ ಎಂಬುದನ್ನು ನಮ್ಮ ಗ್ಯಾರೇಜಿನ ಗೆಳೆಯರು ನೆನಪಿಡಬೇಕು.

ಸೊಳ್ಳೆಗೆ ಹೊಡೆಯುವ ಫ್ಲಿಟ್ ಪಂಪನ್ನು ನೋಡಿದವರಿಗೆ ಮುಂದಿನ ಹೆಜ್ಜೆ ಗೊತ್ತಾಗಿಬಿಡುತ್ತದೆ. ಸಣ್ಣ ಕೊಳವೆಯ ಬಾಯಿಯ ಮೇಲೆ ಗಾಳಿ ರಭಸದಿಂದ ಹಾದರೆ ಅಲ್ಲಿ ಒತ್ತಡ ಕುಸಿದು, ಕೆಳಗಿನ ದ್ರವ ಮೇಲೆದ್ದು ತುಂತುರಾಗುತ್ತದೆ. ಈ ತುಂತುರಿನ ಕಾರ್ಬ್ಯುರೇಟರಿಗೆ ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೊಷ್ ಚೊಂಕಾ 1893ರ ಫೆಬ್ರುವರಿಯಲ್ಲಿ ಪೇಟೆಂಟ್ ಕೋರಿದರು. ಜರ್ಮನಿಯಲ್ಲಿ ವಿಲ್‌ಹೆಲ್ಮ್ ಮೈಬಾಕ್ ಸರಿಸುಮಾರು ಅದೇ ಕಾಲಕ್ಕೆ ಅದೇ ತತ್ವಕ್ಕೆ ತಲುಪಿದ್ದ. ಹೂವಾಡಗಿತ್ತಿಯೊಬ್ಬಳು ಬಾಯಿಯಿಂದ ಕೊಳವೆ ಊದಿ ಹೂಗಳಿಗೆ ನೀರು ಚಿಮುಕಿಸುತ್ತಿದ್ದುದನ್ನು ಕಂಡು ಹಂಗೇರಿಯವರಿಗೆ ಇದು ಹೊಳೆಯಿತು ಎಂಬ ಕತೆ ಬುಡಾಪೆಸ್ಟಿನಲ್ಲಿದೆ. ನ್ಯೂಟನ್ನಿನ ಸೇಬಿನ ಹಾಗೆ ಇಂಥ ಕತೆಗಳನ್ನು ಖುಷಿಪಡಬೇಕು, ನಂಬಲೇಬೇಕೆಂದಿಲ್ಲ.

ಈ ಹೊಸ ಸಾಧನ ಹುಟ್ಟುತ್ತಲೇ ಒಂದು ರೋಗವನ್ನೂ ಹೊತ್ತು ತಂದಿತು. ಎಂಜಿನ್ ವೇಗ ಹೆಚ್ಚಿದಂತೆ ಅದು ಹೀರುವ ಗಾಳಿಯ ರಭಸವೂ ಹೆಚ್ಚುತ್ತದೆ. ಆದರೆ ಗಾಳಿ ಹಿಗ್ಗುವ ವಸ್ತು. ಹೀರುವಿಕೆ ಹೆಚ್ಚಾದಷ್ಟೂ ತೆಳುವಾಗುತ್ತದೆ. ಪೆಟ್ರೋಲ್ ಹಾಗಲ್ಲ, ಎಳೆದಷ್ಟೂ ಬರುತ್ತದೆ. ಹೀಗಾಗಿ ನಿಧಾನವಾಗಿ ಓಡುವಾಗ ಸರಿಯಾಗಿದ್ದ ಹದ ವೇಗ ಹೆಚ್ಚಿದಾಗ ರಿಚ್ ಆಗುತ್ತದೆ. ವೇಗಕ್ಕೆ ಸರಿಮಾಡಿದರೆ ನಿಧಾನದಲ್ಲಿ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕಾರ್ಬ್ಯುರೇಟರ್ ತಜ್ಞರೆಲ್ಲ ತಲೆಕೆಡಿಸಿಕೊಂಡದ್ದು ಈ ಒಂದು ತೊಡಕಿಗೆ.

ಫ್ರಾನ್ಸಿನ ಪನಾರ್ ಕಾರ್ಖಾನೆಯ ಆರ್ತೂರ್ ಕ್ರೆಬ್ಸ್ 1902ರಲ್ಲಿ, ಹೀರುವಿಕೆ ಹೆಚ್ಚಿದಾಗ ತಾನಾಗಿ ತೆರೆದುಕೊಂಡು ಹೆಚ್ಚುವರಿ ಗಾಳಿ ಬಿಡುವ ಕಂಡಿಯೊಂದನ್ನು ಜೋಡಿಸಿದ. ಲಿಯಾನ್ ನಗರದ ಫ್ರಾಂಸ್ವಾ ಬಾವೆರೆಯ ಉಪಾಯ ಇನ್ನೂ ಜಾಣತನದ್ದು. 1906ರ ಆತನ ವಿನ್ಯಾಸದಲ್ಲಿ ಪೆಟ್ರೋಲಿನ ಜೆಟ್‌ಗಳು ಎರಡು. ಒಂದು ವೇಗ ಹೆಚ್ಚಿದಂತೆ ರಿಚ್ ಆಗುವಂಥದು. ಇನ್ನೊಂದಕ್ಕೆ ಪೆಟ್ರೋಲ್ ಬರುವುದು ಗಾಳಿಗೆ ತೆರೆದಿಟ್ಟ ಪುಟ್ಟ ಬಾವಿಯಿಂದ; ಎಷ್ಟು ಹೀರಿದರೂ ಅದು ಕೊಡುವುದು ಅಷ್ಟೇ, ಆದ್ದರಿಂದ ವೇಗ ಹೆಚ್ಚಿದಂತೆ ಅದರ ಪಾಲು ಸಾಲದೆ ಹೋಗುತ್ತದೆ. ಒಂದರ ದೋಷ ಇನ್ನೊಂದರ ದೋಷವನ್ನು ತಿನ್ನುತ್ತದೆ. ಜೆನಿತ್ ಎಂಬ ಹೆಸರಿನಲ್ಲಿ ಇದು ಪ್ರಪಂಚ ಸುತ್ತಿತು.

ಮೂರನೆಯ ದಾರಿ ಇಂಗ್ಲೆಂಡಿನದು, ನಮಗೆ ಹೆಚ್ಚು ಹತ್ತಿರದ್ದೂ ಹೌದು. ಪಾದರಕ್ಷೆಯ ವ್ಯಾಪಾರಕ್ಕೆ ಹೆಸರಾದ ಸ್ಕಿನ್ನರ್ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್‌ಗೆ ಚಪ್ಪಲಿಗಿಂತ ಎಂಜಿನ್ ಮೇಲೆ ಮನಸ್ಸು. ಗಾಳಿಯ ದಾರಿ ಒಂದೇ ಅಗಲವಿದ್ದರೆ ತಾನೆ ರಭಸ ಬದಲಾಗುವುದು? ದಾರಿಯೇ ಬೇಕಾದಷ್ಟು ಅಗಲವಾಗುವಂತಿದ್ದರೆ? 1904-05ರ ಸುಮಾರಿಗೆ ಆತ ರೂಪಿಸಿದ ಕಾರ್ಬ್ಯುರೇಟರಿನಲ್ಲಿ ಎಂಜಿನ್ ಹೆಚ್ಚು ಗಾಳಿ ಬೇಡಿದಾಗ ಒಂದು ಕೊಂತ ಮೇಲಕ್ಕೆದ್ದು ದಾರಿ ಬಿಡುತ್ತದೆ. ಅದಕ್ಕೆ ಜೋಡಿಸಿದ ಚೂಪಾದ ಸೂಜಿಯೂ ಮೇಲೆದ್ದು ಜೆಟ್ಟಿನ ಬಾಯಿಯನ್ನು ಅಷ್ಟೇ ಬಿಚ್ಚುತ್ತದೆ. ಕೊಂತವನ್ನು ಎತ್ತಲು ಮೊದಲು ಬಳಸಿದ್ದು ಚರ್ಮದ ತಿದಿ. ಕುಲಕಸುಬಿನ ನೆನಪು ಎನ್ನೋಣ! ಆಮೇಲೆ ಅದು ಹೋಗಿ ಲೋಹದ ಪಿಸ್ಟನ್ ಬಂತು. ತಮ್ಮ ಕಾರ್ಲೈಲ್‌ನೂ ಸೇರಿ ಕಟ್ಟಿದ 'ಸ್ಕಿನ್ನರ್ ಯೂನಿಯನ್' ಮುಂದೆ ಎಸ್.ಯು. ಎಂದೇ ಪ್ರಸಿದ್ಧವಾಯಿತು. 1926ರಲ್ಲಿ ಅದನ್ನು ಕೊಂಡದ್ದು ಮಾರಿಸ್ ಕಾರುಗಳ ಒಡೆಯ ವಿಲಿಯಂ ಮಾರಿಸ್. ಮಾರಿಸ್ ಆಕ್ಸ್‌ಫರ್ಡ್ ನಮ್ಮಲ್ಲಿ ಅಂಬಾಸಿಡರ್ ಆಗಿ ಅವತರಿಸಿದಾಗ ಎಸ್.ಯು. ಕೂಡ ಜೊತೆಯಲ್ಲಿ ಬಂತು. ಫಿಯಟ್ಟಿನವರದು ಸೋಲೆಕ್ಸ್ ಜಾತಿ. ಎರಡರಲ್ಲಿ ಯಾವುದು ಮೇಲು ಎಂದು ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತಿದ್ದ ಕಾಲವೊಂದಿತ್ತು.

ರಿಚ್ ಆಗುವ ಈ ರೋಗ ಒಮ್ಮೆ ಯುದ್ಧದ ಮಾತಾಗಿಬಿಟ್ಟಿತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಾಡಿದ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ನಿಗೆ ಇದ್ದದ್ದೂ ಎಸ್.ಯು. ಕಾರ್ಬ್ಯುರೇಟರೇ. ಜರ್ಮನರ ಮೆಸ್ಸರ್‌ಶ್ಮಿಟ್ 109ಕ್ಕೆ ಪೆಟ್ರೋಲನ್ನು ನೇರವಾಗಿ ಚುಚ್ಚುವ ವ್ಯವಸ್ಥೆ. ಅದು ಥಟ್ಟನೆ ಮೂತಿ ಕೆಳಗೆ ಮಾಡಿ ಧುಮುಕಿದರೆ ಬೆನ್ನಟ್ಟಿದ ಬ್ರಿಟಿಷ್ ವಿಮಾನದ ಎಂಜಿನ್ ಬಿಕ್ಕಳಿಸುತ್ತಿತ್ತು. ಹಾಗೆ ಧುಮುಕಿದಾಗ ಪೆಟ್ರೋಲ್ ಫ್ಲೋಟ್ ಕೋಣೆಯ ಮೇಲ್ಭಾಗಕ್ಕೆ ಚಿಮ್ಮಿ ಒಂದು ಕ್ಷಣ ಎಂಜಿನ್ನಿಗೆ ಉಪವಾಸ. ಮರುಕ್ಷಣವೇ ಫ್ಲೋಟ್ ದಿಕ್ಕುತಪ್ಪಿ, ಪಂಪಿನ ಪೆಟ್ರೋಲೆಲ್ಲ ಒಳನುಗ್ಗಿ, ಅತಿಭೋಜನ. ಎರಡನೆಯದೇ ಹೆಚ್ಚು ಅಪಾಯದ್ದು. ಎಂಜಿನ್ ಕರಿಹೊಗೆ ಉಗುಳಿ ನಿಂತೇಬಿಡಬಹುದಿತ್ತು. ಫಾರ್ನ್‌ಬರೋ ಸಂಶೋಧನಾಲಯದ ಬಿಯಾಟ್ರಿಸ್ ಷಿಲ್ಲಿಂಗ್ ಎಂಬ ಎಂಜಿನಿಯರ್, ಸ್ವತಃ ಮೋಟಾರ್ ಸೈಕಲ್ ಪಂದ್ಯಗಳ ಹುಲಿ, ಇದಕ್ಕೆ ಸೂಚಿಸಿದ ಮದ್ದು ಒಂದು ಸಣ್ಣ ಹಿತ್ತಾಳೆಯ ತುಂಡು. ಅದರ ನಡುವಿನ ರಂಧ್ರ ಎಂಜಿನ್ನಿನ ಗರಿಷ್ಠ ಬೇಡಿಕೆಯಷ್ಟು ಪೆಟ್ರೋಲನ್ನು ಮಾತ್ರ ಬಿಡುತ್ತಿತ್ತು, ಹೆಚ್ಚಿಲ್ಲ. 1941ರ ವಸಂತದ ಹೊತ್ತಿಗೆ ಆಕೆ ತನ್ನ ತಂಡದೊಂದಿಗೆ ವಾಯುನೆಲೆಯಿಂದ ವಾಯುನೆಲೆಗೆ ಓಡಾಡಿ ಅದನ್ನು ಜೋಡಿಸಿಬಿಟ್ಟಿದ್ದಳು. ಪೂರ್ತಿ ಪರಿಹಾರವಲ್ಲ, ಆದರೆ ಎಂಜಿನ್ ನಿಲ್ಲುವುದಂತೂ ತಪ್ಪಿತು. ಪೈಲಟ್‌ಗಳ ಜೀವದ ಲೆಕ್ಕದಲ್ಲಿ ಆ ವಾಷರಿನ ಬೆಲೆ ಕಟ್ಟುವವರಾರು?

ಇನ್ನು ನೆಲಕ್ಕಿಳಿಯೋಣ. ಮೈಸೂರಿನ ನನ್ನ ಪರಿಚಿತರೊಬ್ಬರಲ್ಲಿ ಮಾವನವರಿಂದ ಬಂದ 1950ರ ದಶಕದ ಆರಂಭದ ಮಾರಿಸ್ ಮೈನರ್ ಇದೆ. ಬ್ರಿಟಿಷರ ಕಟ್ಟುನಿಟ್ಟಿನ ಲೆಕ್ಕದಲ್ಲಿ 1930ರ ನಂತರದ್ದು 'ವಿಂಟೇಜ್' ಅಲ್ಲ, ಆದರೆ ನಮ್ಮಲ್ಲಿ ಅಷ್ಟು ಮಡಿ ಯಾರೂ ಮಾಡುವುದಿಲ್ಲ. ಒಂದು ವರ್ಷದಿಂದ ಅದಕ್ಕೆ ಕರಿಹೊಗೆ. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದದ್ದು ಆರಕ್ಕೆ ಇಳಿಯಿತು. ಒಬ್ಬರು ಪ್ಲಗ್ಗುಗಳನ್ನು ಬದಲಾಯಿಸಿದರು. ವಾರದಲ್ಲಿ ಅವೂ ಮಸಿ ಹಿಡಿದವು. ಮತ್ತೊಬ್ಬರು ಜೆಟ್ಟಿನ ಕೆಳಗಿನ ನಟ್ಟನ್ನು ತಿರುವಿ 'ಟ್ಯೂನಿಂಗ್' ಮಾಡಿಕೊಟ್ಟರು. ಮೂರನೆಯವರು ಕಾರ್ಬ್ಯುರೇಟರನ್ನೇ ಕಿತ್ತು ಬೇರೆಯದನ್ನು ಕೂರಿಸೋಣ ಎಂದರು. ಗಾಬರಿಯಾದದ್ದು ಎಂಜಿನ್ ಆಯಿಲ್ ನೋಡಿದಾಗ. ಕಡ್ಡಿ ಅದ್ದಿದರೆ ಎಣ್ಣೆ ಕಡಿಮೆಯಾಗಿರುವ ಬದಲು ಹೆಚ್ಚಾಗಿತ್ತು! ಮೂಸಿದರೆ ಪೆಟ್ರೋಲಿನ ವಾಸನೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಆಯಿಲನ್ನು ನೀರಾಗಿಸಿತ್ತು. ಇನ್ನು ಕೆಲವು ತಿಂಗಳು ಹೀಗೇ ಓಡಿಸಿದ್ದರೆ ರಿಂಗ್, ಬೇರಿಂಗುಗಳೆಲ್ಲ ಸವೆದು ಎಂಜಿನ್ ಬಿಚ್ಚಬೇಕಾಗುತ್ತಿತ್ತು, ಎಪ್ಪತ್ತು ವರ್ಷದ ಎಂಜಿನ್ನಿಗೆ ಬಿಡಿಭಾಗ ಎಲ್ಲಿಂದ ತರುವುದು?

ಕೊನೆಗೆ ಯಾರೋ ಹೇಳಿದರೆಂದು ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆತಂದರು. ಅವರು ಬಂದು ಮೊದಲು ಮಾಡಿದ್ದು ಬಾನೆಟ್ ತೆರೆಯುವುದಲ್ಲ, ಕಾಫಿ ಕುಡಿಯುವುದು. ಆಮೇಲೆ ಕಾರು ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದರು. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿಯಾದರೆ ನೀರು ಒಳಗೆ ಬರುತ್ತಿದೆ, ಕಪ್ಪಾದರೆ ಪೆಟ್ರೋಲ್. ಏರ್ ಫಿಲ್ಟರ್ ಬಿಚ್ಚಿಸಿದರು. ಗಾಳಿಯ ದಾರಿ ಧೂಳಿನಿಂದ ಕಟ್ಟಿದ್ದರೂ ಮಿಶ್ರಣ ರಿಚ್ ಆಗುತ್ತದೆ, ಪಾಪದ ಕಾರ್ಬ್ಯುರೇಟರ್ ಬೈಸಿಕೊಳ್ಳುತ್ತದೆ. ಚೋಕ್ ಎಳೆದು ಬಿಟ್ಟು, ತಂತಿ ಪೂರ್ತಿ ಹಿಂದಕ್ಕೆ ಹೋಗುತ್ತದೆಯೇ ಎಂದು ಬಗ್ಗಿ ನೋಡಿದರು. ಚಳಿಯಲ್ಲಿ ಎಂಜಿನ್ ಹೊರಡಲು ಮಿಶ್ರಣವನ್ನು ಬೇಕೆಂದೇ ರಿಚ್ ಮಾಡುವುದು ಚೋಕ್, ಎಸ್.ಯು.ನಲ್ಲಿ ಅದು ಜೆಟ್ಟನ್ನೇ ಕೆಳಕ್ಕೆಳೆದು ಸೂಜಿಯ ಸುತ್ತ ಜಾಗ ಬಿಡಿಸುತ್ತದೆ. ತುಕ್ಕು ಹಿಡಿದ ತಂತಿ ಅರ್ಧದಲ್ಲಿ ನಿಂತರೆ ಕಾರು ದಿನವಿಡೀ ಡಿಸೆಂಬರಿನ ಬೆಳಗೆಂದೇ ತಿಳಿದು ಕುಡಿಯುತ್ತಿರುತ್ತದೆ. ಇಲ್ಲಿ ತಂತಿ ಸರಿಯಾಗಿತ್ತು. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರು. 'ಟಕ್' ಎಂದು ಲೋಹದ ಸದ್ದು. ಸೂಜಿ ಜೆಟ್ಟಿಗೆ ಉಜ್ಜುತ್ತಿದ್ದರೆ ಈ ಸದ್ದು ಬರುವುದಿಲ್ಲ. ಉಜ್ಜಿ ಉಜ್ಜಿ ಜೆಟ್ಟಿನ ದುಂಡು ಬಾಯಿ ಮೊಟ್ಟೆಯಾಕಾರವಾದರೆ ಯಾವ ನಟ್ಟು ತಿರುವಿದರೂ ಹದ ಸಿಕ್ಕದು.

ಆಮೇಲೆ ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ಆನ್ ಮಾಡಲು ಹೇಳಿ ಸುಮ್ಮನೆ ನಿಂತರು. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದು, ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ. ಫ್ಲೋಟ್ ಕೋಣೆ ತುಂಬಿತೆಂದರೆ ಒಳಗಿನ ತೇಲುಬುರುಡೆ ಮೇಲೆದ್ದು ಸೂಜಿ ವಾಲ್ವನ್ನು ಮುಚ್ಚುತ್ತದೆ, ಪಂಪು ಮೌನವಾಗಬೇಕು. ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು.

"ಕೇಳಿಸ್ತಾ ಸಾರ್? ಇಷ್ಟು ಹೊತ್ತಿಗೆ ಬಾಯಿ ಮುಚ್ಚಬೇಕಾಗಿತ್ತು" ಎಂದರು. "ಯಾರೂ ಕುಡೀತಿಲ್ಲ, ಆದ್ರೂ ಬಡಿಸ್ತಾನೇ ಇದೆ. ಬೀಡಿಗೀಡಿ ಯಾರೂ ಹಚ್ಚಬೇಡಿ."

ಆ ಎಚ್ಚರಿಕೆ ತಮಾಷೆಯಲ್ಲ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಮತ್ತು ಕಾದು ಕೆಂಡವಾಗುವ ಎಗ್ಸಾಸ್ಟ್ ಕೊಳವೆ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಉಕ್ಕಿದ ಪೆಟ್ರೋಲ್ ಅದರ ಮೇಲೆ ಬಿದ್ದರೆ ಕಾರೇ ಉಳಿಯುವುದಿಲ್ಲ. ಬೆಂಕಿ ಹತ್ತದಿದ್ದರೂ ಇನ್ನೊಂದು ಕೇಡಿದೆ: ಗಾಳಿ ಸಾಲದೆ ಉರಿದ ಪೆಟ್ರೋಲ್ ಕಾರ್ಬನ್ ಮಾನಾಕ್ಸೈಡನ್ನು ಹೇರಳವಾಗಿ ಹೊರಬಿಡುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಹೊಗೆ ಪರೀಕ್ಷಿಸುವವರು ಪ್ರಾಣದ ಜೊತೆ ಆಡುತ್ತಿದ್ದಾರೆ.

ಫ್ಲೋಟ್ ಕೋಣೆಯ ಮುಚ್ಚಳ ತೆಗೆದು ಹಿತ್ತಾಳೆಯ ಬುರುಡೆಯನ್ನು ಹೊರತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಎಳನೀರಿನ ಹಾಗೆ ಒಳಗೆ ಕುಲುಕಿತು. ಕಣ್ಣಿಗೆ ಕಾಣದ ತೂತಿನಿಂದ ಪೆಟ್ರೋಲ್ ಒಳಹೊಕ್ಕು ಬುರುಡೆ ಮುಳುಗಿತ್ತು. ಮುಳುಗಿದ ಬುರುಡೆ ವಾಲ್ವ್ ಮುಚ್ಚುವುದುಂಟೇ? ತೊಂದರೆಯೆಲ್ಲ ಇಲ್ಲಿದ್ದರೆ, ಹಿಂದೆ ಟ್ಯೂನಿಂಗ್ ಮಾಡಿದವರು ಜೆಟ್ಟಿನ ನಟ್ಟನ್ನು ಮೇಲಕ್ಕೆ ಬಿಗಿದು ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಲು ಹೋಗಿದ್ದರು. ನನಗನಿಸುವಂತೆ ಹಳೆಯ ಕಾರುಗಳ ಪಾಲಿನ ದೊಡ್ಡ ಶತ್ರು ತುಕ್ಕಲ್ಲ, ಮೊದಲು ನಟ್ಟು ತಿರುವಿ ಆಮೇಲೆ ಯೋಚಿಸುವ ಕೈ.

ಬುರುಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದಾಗ ತಳದ ಬೆಸುಗೆಯ ಹತ್ತಿರ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಅಲ್ಲೇ ತೂತು. ಒಳಗಿನ ಪೆಟ್ರೋಲ್ ಕಡೆಯ ಹನಿಯವರೆಗೂ ಆವಿಯಾಗಿ ಹೋಗುವ ತನಕ ಅವರು ಬೆಸುಗೆಯ ಕಡ್ಡಿ ಮುಟ್ಟಲಿಲ್ಲ. ಆ ಬಿಡುವಿನಲ್ಲಿ ಬೇರೆ ಮಾತು ಬಂತು. ಊಟಿಗೆ ಹೋದರೆ ಹಳೆಯ ಕಾರುಗಳು ಏಕೆ ಹೊಗೆ ಹಾಕುತ್ತವೆ ಎಂದು ನಮ್ಮ ಪರಿಚಿತರು ಕೇಳಿದರು. 2,200 ಮೀಟರಿಗೂ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಐದನೆಯ ಒಂದು ಪಾಲು ತೆಳು. ಪೆಟ್ರೋಲ್ ಮಾತ್ರ ಅಷ್ಟು ಕಡಿಮೆಯಾಗದ್ದರಿಂದ ಮಿಶ್ರಣ ಶೇಕಡ 10ರಷ್ಟು ರಿಚ್ ಆಗುತ್ತದೆ. 900 ಮೀಟರ್ ಚಿಲ್ಲರೆ ಎತ್ತರದ ಬೆಂಗಳೂರಿನಲ್ಲೂ, ಮಂಗಳೂರಿನಲ್ಲಿ ಹದಮಾಡಿದ ಕಾರು ತುಸು ಹೆಚ್ಚೇ ಕುಡಿಯುತ್ತದೆ.

ಈಗ ಪೆಟ್ರೋಲೇ ಬದಲಾಗಿದೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ದೊರೆತದ್ದು ಬೆಂಗಳೂರಿನಲ್ಲೇ. ಇಂಥ ಪೆಟ್ರೋಲ್ ಉರಿಯಲು 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಆದ್ದರಿಂದ ಹಿಂದೆ ಸರಿಯಿದ್ದ ಕಾರ್ಬ್ಯುರೇಟರ್ ಈಗ ಪೆಟ್ರೋಲ್ ಸಾಲದ 'ಲೀನ್' ಸ್ಥಿತಿಗೆ ಜಾರುತ್ತದೆ, ಹಿಂದೆ ಸ್ವಲ್ಪ ರಿಚ್ ಇದ್ದದ್ದು ಅದೃಷ್ಟವಶಾತ್ ಸರಿಹೋಗುತ್ತದೆ! ಆದರೆ ಎಥನಾಲ್ ಹಳೆಯ ರಬ್ಬರಿಗೆ ಒಗ್ಗುವುದಿಲ್ಲ, ನೀರನ್ನೂ ಹೀರಿಕೊಳ್ಳುತ್ತದೆ. 1920ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಫ್ಲೋಟ್ ಬೆಂಡಿನದು, ಮೇಲೆ ಅರಗಿನ ಲೇಪ. ಅರಗು ಮದ್ಯಸಾರದಲ್ಲಿ ಕರಗುತ್ತದೆ, ಬೆಂಡು ನೆನೆದು ಮುಳುಗುತ್ತದೆ, ಮತ್ತೆ ಅದೇ ಕರಿಹೊಗೆ.

ಹೊಸ ಕಾರಿನವರಿಗೆ ಈ ತಲೆನೋವಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಮಿಶ್ರಣವನ್ನು ಕ್ಷಣಕ್ಷಣಕ್ಕೂ ತಿದ್ದುವ ಬಾಷ್ ಕಂಪೆನಿಯ ಸಂವೇದಕ 1976ರಲ್ಲಿ ವೋಲ್ವೊ ಕಾರಿನಲ್ಲಿ ಬಂದ ಮೇಲೆ ಕಾರ್ಬ್ಯುರೇಟರಿನ ದಿನಗಳು ಎಣಿಕೆಗೆ ಬಂದವು. ನಮ್ಮ ಹೊಸ ಕಾರುಗಳಿಂದ ಅದು 2000ದ ಆಸುಪಾಸಿನಲ್ಲಿ ಮರೆಯಾಯಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಬಹುಪಾಲು ಹೊಸ ಮೋಟಾರ್ ಸೈಕಲ್ಲುಗಳಿಂದಲೂ ಹೋಯಿತು. ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಮೆಕ್ಯಾನಿಕ್ ಏನೂ ಹೇಳಲಿಲ್ಲ. ತೂತಿಗೆ ಬೆಸುಗೆ ಹಾಕಿದರು. ಮುಗಿಯಿತೆಂದು ನಾವು ಎದ್ದರೆ ಅವರು ಅರ ತೆಗೆದು ಹೆಚ್ಚಾದ ಸೀಸವನ್ನು ಉಜ್ಜತೊಡಗಿದರು. ಬೆಸುಗೆ ದಪ್ಪವಾದರೆ ಬುರುಡೆ ಭಾರವಾಗುತ್ತದೆ, ಭಾರವಾದರೆ ಆಳಕ್ಕಿಳಿದು ತೇಲುತ್ತದೆ, ಪೆಟ್ರೋಲಿನ ಮಟ್ಟ ಏರಿ ಮತ್ತೆ ರಿಚ್.

ಎಲ್ಲ ಜೋಡಿಸಿ ಎಂಜಿನ್ ಬಿಸಿಯಾದ ಮೇಲೆ, ತೆಳ್ಳನೆಯ ಸ್ಕ್ರೂ ಡ್ರೈವರಿನ ತುದಿಯಿಂದ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿದರು. ಎತ್ತಿದಾಗ ಎಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಮಿಶ್ರಣ ರಿಚ್, ತಟ್ಟನೆ ಕುಗ್ಗಿದರೆ ಲೀನ್, ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಮೊದಲ ಸಲ ಎಂಜಿನ್ ಕೆಮ್ಮಿ ನಿಂತೇಹೋಯಿತು. ಹಳೆಯ ಟ್ಯೂನಿಂಗಿನ ಫಲ. ಆರು ಮೂಲೆಯ ನಟ್ಟನ್ನು ಒಂದೊಂದೇ ಮೂಲೆಯಷ್ಟು ಕೆಳಕ್ಕೆ ತಿರುವುತ್ತ, ಪ್ರತಿ ಸಲವೂ ಎತ್ತಿ ಕೇಳುತ್ತ, ಐದನೆಯ ಮೂಲೆಗೆ ನಿಲ್ಲಿಸಿದರು. ಆಯಿಲನ್ನು ಇಂದೇ ಬದಲಾಯಿಸಿ ಎಂದು ಹೇಳಿ, ಎಂಜಿನ್ ನಿಲ್ಲಿಸಿ, ಇನ್ನೊಮ್ಮೆ ಕೀಲಿ ತಿರುವಿಸಿದರು. ಪಂಪು ಎಂಟು ಹತ್ತು ಸಲ ಟಿಕ್ ಎಂದು ಸುಮ್ಮನಾಯಿತು.